ಮೊಬೈಲ್‌ನಾಗ ‘ಗಾಳಿ ಛಲೋ ಅದ’, ಹೊರಗೆ ಘಾಟು: ಹುಮನಾಬಾದ್ ಗಾಳಿ ಅಳೆಯೋದು ಎಲ್ಲಿ?

ಹುಮನಾಬಾದ್: ರಾತ್ರಿ ಅಂಗಡಿ ಷಟರ್ ಎಳೆಯೋ ಹೊತ್ತಿಗೆ ಕೈಗಾರಿಕಾ ಪ್ರದೇಶದ ಕಡೆಯಿಂದ ಗಾಳಿ ತಿರುಗಿದರೆ ಸಾಕು, ಒಮ್ಮೆ ಕೊಳೆತ ಮೊಟ್ಟೆಯಂಥ ವಾಸನೆ, ಇನ್ನೊಮ್ಮೆ ಔಷಧಿ ಘಾಟು. ಗಡವಂತಿ, ಮಾಣಿಕನಗರದ ಕಡೆಯವರಿಗೆ ಇದು ಹೊಸದೇನಲ್ಲ. ಆದರೆ ಅದೇ ಹೊತ್ತಿಗೆ ಮೊಬೈಲ್ ತೆಗೆದು ಹವಾಮಾನದ ಆ್ಯಪ್ ನೋಡಿದರೆ ‘ಏರ್ ಕ್ವಾಲಿಟಿ 70’ ಅಂತ ಹಸಿರು ಬಣ್ಣದಲ್ಲಿ ಇರ್ತದೆ. ಮೊಬೈಲ್‌ನಾಗ ಎಲ್ಲ ಛಲೋ ತೋರಸ್ತದ, ಇಲ್ಲಿ ಕಣ್ಣು ಉರೀತಾವ, ಇದರಾಗ ಖರೆ ಯಾವುದು ಅಂತ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಎರಡೂ ಖರೆ ಇರಬಹುದು. ಯಾಕಂದರೆ ಆ ನಂಬರ್ ನಮ್ಮೂರಿನಲ್ಲಿ ಅಳೆದದ್ದಲ್ಲ. ಅಷ್ಟೇ ಅಲ್ಲ, ನಮ್ಮ ಮೂಗಿಗೆ ಬಡಿಯುವ ಆ ಘಾಟನ್ನು ಆ ನಂಬರ್ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಆ ನಂಬರ್ ಎಲ್ಲಿಂದ ಬರ್ತದೆ?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದಿನಾ ಸಂಜೆ ದೇಶದ ಊರುಗಳ ಗಾಳಿಯ ಪಟ್ಟಿ ಬಿಡುಗಡೆ ಮಾಡುತ್ತದೆ. ಅದರಲ್ಲಿ ಬರುವುದು ಅಳೆಯುವ ಕೇಂದ್ರ ಇರುವ ಊರುಗಳು ಮಾತ್ರ. ಬೆಂಗಳೂರಿನಲ್ಲಿ ಪೀಣ್ಯ, ಸಿಲ್ಕ್ ಬೋರ್ಡ್, ಹೆಬ್ಬಾಳ, ಜಯನಗರ, ಬಿಟಿಎಂ ಲೇಔಟ್, ಬಾಪೂಜಿನಗರ ಹೀಗೆ ಹತ್ತಾರು ಕಡೆ ದಿನದ 24 ಗಂಟೆ ಅಳೆಯುವ ಯಂತ್ರಗಳಿವೆ. ಅಲ್ಲೂ ಪೀಣ್ಯದ ಗಾಳಿ ಬೇರೆ, ಜಯನಗರದ ಗಾಳಿ ಬೇರೆ. ಎಲ್ಲ ಕೂಡಿಸಿ ‘ಬೆಂಗಳೂರು ಇಷ್ಟು’ ಅಂತ ಒಂದೇ ಅಂಕಿ ಹೇಳಿದರೆ ಪೀಣ್ಯದವರಿಗೆ ಏನೂ ತಿಳಿಯೋದಿಲ್ಲ.

ನಮ್ಮ ಕಡೆ ಕಲಬುರಗಿಯಲ್ಲಿ ಇಂಥ ಕೇಂದ್ರ ಇದೆ. ಬೀದರ್‌ನಲ್ಲಿ ನೌಬಾದ್‌ನಲ್ಲಿದೆ. ನೌಬಾದ್‌ಗೂ ಹುಮನಾಬಾದ್‌ಗೂ ರಸ್ತೆಯಲ್ಲಿ ಸುಮಾರು 50 ಕಿ.ಮೀ., ಬಸವಕಲ್ಯಾಣ ಇನ್ನೂ ದೂರ. ಒಂದು ಯಂತ್ರ ತನ್ನ ಸುತ್ತಲಿನ ಕೆಲವು ಕಿ.ಮೀ. ಗಾಳಿಯ ಬಗ್ಗೆ ಸಾಕ್ಷಿ ಹೇಳಬಹುದು, ತಾಲ್ಲೂಕು ದಾಟಿದ್ದಕ್ಕೆ ಅಲ್ಲ.

ಹಾಗಾದರೆ ಮೊಬೈಲ್‌ನಲ್ಲಿ ಹುಮನಾಬಾದ್ ಹೆಸರಿನ ಮುಂದೆ ಇರುವ ಅಂಕಿ ಯಾವುದು? ಉಪಗ್ರಹದ ಚಿತ್ರ, ಗಾಳಿಯ ವೇಗ, ದೂರದ ಕೇಂದ್ರಗಳ ಅಳತೆ ಎಲ್ಲ ಹಾಕಿ ಕಂಪ್ಯೂಟರ್ ತೆಗೆದ ಅಂದಾಜು. ಚಳಿಗಾಲದಲ್ಲಿ ಇಡೀ ಜಿಲ್ಲೆಯ ಮೇಲೆ ಮಬ್ಬು ಕವಿದರೆ ಆ ಅಂದಾಜು ಹತ್ತಿರಹತ್ತಿರ ಸರಿ ಇರಬಹುದು. ಆದರೆ ಒಂದು ಕಾರ್ಖಾನೆಯ ಗೋಡೆ ಪಕ್ಕ ರಾತ್ರಿ ಎರಡು ತಾಸು ಏನಾಯಿತು ಅನ್ನೋದು ಅದಕ್ಕೆ ಕಾಣೋದಿಲ್ಲ. ಆ್ಯಪ್‌ನಲ್ಲಿ ಅಂಕಿಯ ಕೆಳಗೆ ಕೇಂದ್ರದ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಅದು ಅಂದಾಜು ಅಂತಲೇ ತಿಳಿಯಿರಿ.

ಇನ್ನೊಂದು ಗೊಂದಲವೂ ಇದೆ. ಕೆಲವು ಆ್ಯಪ್‌ಗಳು ಅಮೆರಿಕದ ಲೆಕ್ಕ ತೋರಿಸುತ್ತವೆ, ಕೆಲವು ಭಾರತದ್ದು. ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 2.5 ಎಂಬ ಸಣ್ಣ ಕಣ 60 ಮೈಕ್ರೋಗ್ರಾಂ ಇದ್ದರೆ ಭಾರತದ ಲೆಕ್ಕದಲ್ಲಿ ಸೂಚ್ಯಂಕ 100, ಅಂದರೆ ‘ಸಮಾಧಾನಕರ’. ಅದೇ ಗಾಳಿಗೆ ಅಮೆರಿಕದ ಲೆಕ್ಕದಲ್ಲಿ 150 ದಾಟುತ್ತದೆ, ಅಲ್ಲಿ ಅದು ‘ಅನಾರೋಗ್ಯಕರ’. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 24 ತಾಸಿಗೆ 15 ಮೈಕ್ರೋಗ್ರಾಂ ಮಾತ್ರ. ಪಕ್ಕದ ಅಂಗಡಿಯವರ ಫೋನಿನಲ್ಲಿ ಬೇರೆ ಅಂಕಿ ಬಂತು ಅಂತ ಜಗಳ ಮಾಡೋದು ಬ್ಯಾಡ.

ಸೂಚ್ಯಂಕದಲ್ಲಿ ಏನಿದೆ, ಏನಿಲ್ಲ

2015ರಿಂದ ದೇಶದಲ್ಲಿ ಬಳಕೆಯಲ್ಲಿರುವ ವಾಯು ಗುಣಮಟ್ಟ ಸೂಚ್ಯಂಕ ಎಂಟು ವಸ್ತುಗಳನ್ನು ನೋಡುತ್ತದೆ: ಪಿಎಂ 10, ಪಿಎಂ 2.5, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಝೋನ್, ಅಮೋನಿಯಾ, ಸೀಸ. ಎಂಟೂ ಅಳೆಯಲೇಬೇಕು ಅಂತಿಲ್ಲ. ಕನಿಷ್ಠ ಮೂರು, ಅದರಲ್ಲಿ ಒಂದು ಪಿಎಂ ಇದ್ದರೆ ಸಾಕು. ಯಾವುದು ಎಲ್ಲಕ್ಕಿಂತ ಕೆಟ್ಟದಾಗಿದೆಯೋ ಅದರ ಅಂಕಿಯೇ ಆ ದಿನದ ಸೂಚ್ಯಂಕ. 100ರವರೆಗೆ ಪರವಾಗಿಲ್ಲ, 200 ದಾಟಿದರೆ ಕಳಪೆ, 400 ದಾಟಿದರೆ ತೀವ್ರ.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇದರಲ್ಲಿಲ್ಲ. ಔಷಧಿ, ರಾಸಾಯನಿಕ ಕಾರ್ಖಾನೆಗಳಲ್ಲಿ ಬಳಸುವ ದ್ರಾವಕಗಳ ಆವಿಯೂ ಇಲ್ಲ. ಶುಗರ್ ಟೆಸ್ಟ್ ನಾರ್ಮಲ್ ಬಂತು ಅಂದ ಮಾತ್ರಕ್ಕೆ ಹಲ್ಲುನೋವು ಸುಳ್ಳಾಗೋದಿಲ್ಲವಲ್ಲ, ಹಾಗೇ ಇದು. ನಾಳೆ ಹುಮನಾಬಾದ್ ನಡುಪೇಟೆಯಲ್ಲಿ ದೊಡ್ಡ ಬೋರ್ಡ್ ಹಚ್ಚಿ ಸೂಚ್ಯಂಕ ತೋರಿಸಿದರೂ ಘಾಟಿನ ರಾತ್ರಿ ಅದು ಹಸಿರೇ ಇರಬಹುದು.

ಹಾಗಂತ ವಾಸನೆ ಬಂದದ್ದೆಲ್ಲ ವಿಷ ಅಂತ ಹೇಳಲೂ ಬರುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ತೀರಾ ಕಡಿಮೆ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಆದರೆ ತುಂಬಾ ಹೆಚ್ಚಾದಾಗ ಮೂಗೇ ಮಂಕಾಗಿ ವಾಸನೆ ನಿಂತುಹೋಗುತ್ತದೆ, ಅಪಾಯ ಇರೋದು ಅಲ್ಲಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಅದಕ್ಕೇ ಮೂಗನ್ನು ನಂಬಿ ಕೂಡದೆ ಅಳೆಯಬೇಕು ಅನ್ನೋದು.

ರಾತ್ರಿಯೇ ಯಾಕೆ? ‘ರಾತ್ರಿ ಯಾರೂ ನೋಡೋದಿಲ್ಲ ಅಂತ ಬಿಡ್ತಾರ’ ಅನ್ನೋ ಅನುಮಾನ ಊರಲ್ಲಿದೆ. ಅದಿರಲೂಬಹುದು. ಆದರೆ ಇನ್ನೊಂದು ಕಾರಣ ಆಕಾಶದಲ್ಲಿದೆ. ಹಗಲು ನೆಲ ಕಾದು ಗಾಳಿ ಮೇಲೇರುತ್ತದೆ, ಹೊಗೆ ಹರಡಿಹೋಗುತ್ತದೆ. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗಿ, ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂಡುತ್ತದೆ. ಕೆಳಗಿನದು ಕೆಳಗೇ ಉಳಿಯುತ್ತದೆ. ಹಗಲು ಬಿಟ್ಟಷ್ಟೇ ಬಿಟ್ಟರೂ ರಾತ್ರಿ ಘಾಟು ದಟ್ಟ. ಇವೆರಡರಲ್ಲಿ ಯಾವುದು ಅಂತ ತಿಳಿಯಬೇಕಾದರೆ ರಾತ್ರಿಯೇ ಅಳೆಯಬೇಕು, ಬೇರೆ ದಾರಿ ಇಲ್ಲ.

ಬಸವಕಲ್ಯಾಣದ ಲೆಕ್ಕ ಬೇರೆ

ಬಸವಕಲ್ಯಾಣದಲ್ಲಿ ತೊಂದರೆ ಮುಖ್ಯವಾಗಿ ಡೀಸೆಲ್ ಮತ್ತು ಧೂಳಿನದು. ಸೋಲಾಪುರ–ಹೈದರಾಬಾದ್ ನಡುವಿನ ರಾಷ್ಟ್ರೀಯ ಹೆದ್ದಾರಿ 65ರ ಲಾರಿಗಳು, ಸಸ್ತಾಪುರ ಬಂಗ್ಲಾ ಕಡೆಯ ಗ್ಯಾರೇಜುಗಳು, ವೆಲ್ಡಿಂಗ್, ಬಾಡಿ ಕಟ್ಟುವ ಕೆಲಸ, ಪೇಂಟ್. ಪೇಂಟಿನ ಆವಿ ಬಿಟ್ಟರೆ ಇಲ್ಲಿಯದು ಸೂಚ್ಯಂಕ ಹಿಡಿಯುವಂಥದ್ದೇ. ಇಲ್ಲಿ ಒಂದು ಸಾಮಾನ್ಯ ಕೇಂದ್ರ ಬಂದರೂ ಉಪಯೋಗ. ಹುಮನಾಬಾದ್‌ಗೆ ಅಷ್ಟು ಸಾಲದು, ಕಾರ್ಖಾನೆಗಳ ಗಡಿಯಲ್ಲಿ ಆವಿ ಮತ್ತು ಹೈಡ್ರೋಜನ್ ಸಲ್ಫೈಡ್ ಅಳೆಯುವ ಯಂತ್ರವೂ ಬೇಕು. ಎರಡೂ ಊರಿಗೆ ಒಂದೇ ಬೇಡಿಕೆ ಪತ್ರ ಬರೆದರೆ ಕೆಲಸ ಆಗೋದಿಲ್ಲ.

ಅಂಗಡಿಯವರಿಗೆ ಒಂದು ಮಾತು: ಬೆಳಿಗ್ಗೆ ಒರೆಸಿದ ಗಾಜು ಮಧ್ಯಾಹ್ನಕ್ಕೆ ಮತ್ತೆ ಧೂಳಾಗುತ್ತದಲ್ಲ, ಆ ಕಣ್ಣಿಗೆ ಕಾಣುವ ಧೂಳು ಬಹುಪಾಲು ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಪುಪ್ಪುಸದ ತಳಕ್ಕೆ ಇಳಿಯುವುದು ಕಾಣದ ಪಿಎಂ 2.5, ಅಂದರೆ ಡೀಸೆಲ್ ಹೊಗೆ, ಮತ್ತು ಸಂಜೆ ಅಂಗಡಿ ಮುಂದೆ ಕಸ, ಪ್ಲಾಸ್ಟಿಕ್ ಸುಟ್ಟ ಹೊಗೆ. ಈ ಎರಡನೆಯದನ್ನು ಮಾಡುವವರು ನಾವೇ.

ಕಾರ್ಖಾನೆಯಲ್ಲಿ ಮೀಟರ್ ಇಲ್ಲವೇ?

ಇದೆ. ಔಷಧಿ, ಕೀಟನಾಶಕ, ಸಕ್ಕರೆ, ಮದ್ಯಸಾರದಂಥ 17 ಬಗೆಯ ಹೆಚ್ಚು ಮಾಲಿನ್ಯದ ಉದ್ದಿಮೆಗಳು ಆನ್‌ಲೈನ್ ಮೀಟರ್ ಹಾಕಬೇಕು ಅಂತ ಕೇಂದ್ರ ಮಂಡಳಿ 2014ರಲ್ಲೇ ಆದೇಶ ಮಾಡಿದೆ. ಆದರೆ ಹೊಗೆಯ ಮೀಟರ್ ಕೂಡುವುದು ಚಿಮಣಿಯಲ್ಲಿ. ಡ್ರಮ್, ಟ್ಯಾಂಕ್, ಕೊಳಚೆ ನೀರಿನ ಹೊಂಡದಿಂದ ಏಳುವ ಆವಿ ಚಿಮಣಿ ಮೂಲಕ ಹೋಗುವುದೇ ಇಲ್ಲ. ಮೀಟರ್ ಸರಿ, ಘಾಟೂ ಖರೆ.

ಕೈಯಿಂದ ನಡೆಸುವ ಹಳೆಯ ಅಳತೆಯೂ ಇದೆ. ತೂಕ ಮಾಡಿದ ಫಿಲ್ಟರ್ ಕಾಗದ ಯಂತ್ರಕ್ಕೆ ಹಾಕಿ, 24 ತಾಸು ಗಾಳಿ ಎಳೆಸಿ, ಮತ್ತೆ ತೂಗುತ್ತಾರೆ. ನಿಯಮದಂತೆ ವಾರಕ್ಕೆ ಎರಡು ದಿನ, ವರ್ಷಕ್ಕೆ 104 ಸಲ. ಘಾಟು ಬಂದ ರಾತ್ರಿ ಆ ಎರಡು ದಿನದಲ್ಲಿ ಇಲ್ಲದಿದ್ದರೆ ದಾಖಲೆಯಲ್ಲಿ ಏನೂ ಇರೋದಿಲ್ಲ.

ದೂರು ಹೇಗೆ ಕೊಟ್ಟರೆ ನಿಲ್ಲುತ್ತದೆ?

‘ವಾಸನೆ ಬರ್ತದ, ಕ್ರಮ ಕೈಗೊಳ್ಳಿ’ ಅಂತ ಒಂದು ಸಾಲು ಬರೆದರೆ ಅಧಿಕಾರಿಗಳು ಹಗಲು 11ಕ್ಕೆ ಬಂದು ಹೋಗುತ್ತಾರೆ, ಆ ಹೊತ್ತಿಗೆ ಗಾಳಿ ಸ್ವಚ್ಛ. ಬದಲಿಗೆ ಓಣಿಯ ನಾಲ್ಕೈದು ಮನೆಯವರು ಒಂದು ನೋಟ್‌ಬುಕ್ ಇಡಲಿ. ತಾರೀಖು, ಶುರುವಾದ ಸಮಯ, ನಿಂತ ಸಮಯ, ಗಾಳಿ ಬಂದ ದಿಕ್ಕು (ಊದುಬತ್ತಿ ಹಚ್ಚಿದರೆ ತಿಳಿಯುತ್ತದೆ), ವಾಸನೆ ಯಾವ ಥರ, ಕಣ್ಣುರಿ, ಕೆಮ್ಮು ಯಾರಿಗೆ. ಒಂದು ತಿಂಗಳ ಬರಹ ಇದ್ದರೆ ಯಾವ ದಿಕ್ಕು, ಯಾವ ತಾಸು ಅಂತ ತಾನೇ ಕಾಣುತ್ತದೆ.

ಅದರ ಪ್ರತಿ ಹಚ್ಚಿ ಬೀದರ್‌ನ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ತಹಶೀಲ್ದಾರರಿಗೂ ಒಂದು ಪ್ರತಿ ಹೋಗಲಿ. ಕೇಳುವುದನ್ನು ಬಿಡಿಸಿ ಕೇಳಿ: ಇಂಥ ಜಾಗದಲ್ಲಿ, ರಾತ್ರಿಯೂ ಸೇರಿ, ಹೈಡ್ರೋಜನ್ ಸಲ್ಫೈಡ್ ಮತ್ತು ದ್ರಾವಕಗಳ ಆವಿ ಅಳೆದು ವರದಿ ಕೊಡಿ. ಕಾರ್ಖಾನೆಗೆ 1981ರ ವಾಯು ಕಾಯ್ದೆ ಅಡಿ ಕೊಟ್ಟ ಒಪ್ಪಿಗೆ ಪತ್ರದಲ್ಲಿ ಯಾವ ಷರತ್ತುಗಳಿವೆ ಅನ್ನೋದನ್ನು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಷರತ್ತು ಕೈಯಲ್ಲಿದ್ದರೆ ಅಧಿಕಾರಿ ಜೊತೆ ಮಾತಾಡುವಾಗ ‘ವಾಸನೆ’ ಬಿಟ್ಟು ‘ಈ ನಂಬರಿನ ಷರತ್ತು’ ಅಂತ ಹೇಳಬಹುದು.

ಕೆಲವರು ಆನ್‌ಲೈನ್‌ನಲ್ಲಿ ಸಿಗುವ ಸಣ್ಣ ಮೀಟರ್ ತರಿಸುವ ಯೋಚನೆಯಲ್ಲಿದ್ದರೆ ಒಂದು ಎಚ್ಚರ: ಅವುಗಳಲ್ಲಿ ಹೆಚ್ಚಿನವು ಲೇಸರ್ ಬೆಳಕಿನಿಂದ ಕಣ ಎಣಿಸುವಂಥವು. ಬಸವಕಲ್ಯಾಣದ ಹೆದ್ದಾರಿ ಬದಿಗೆ ಆದೀತು, ಮಳೆಗಾಲದ ತೇವದಲ್ಲಿ ಮಾತ್ರ ಹೆಚ್ಚು ತೋರಿಸುತ್ತವೆ. ಹುಮನಾಬಾದ್‌ನ ಘಾಟಿಗೆ ಅವು ಕೆಲಸಕ್ಕೆ ಬಾರವು, ಹಣ ಹಾಳು.