ಕಲ್ಲು ನಮ್ಮದು, ಸುಡುವ ವಿದ್ಯೆ ಯಾರದು?

ಗುಂಡಗುರ್ತಿ ಕಡೆಯಿಂದ ಸೇಡಂ ದಾರಿ ಹಿಡಿದರೆ ತೊಗರಿ ಹೊಲಗಳ ಆಚೆ ಮಳಖೇಡದ ಸಿಮೆಂಟ್ ಚಿಮಣಿ ಕಾಣುತ್ತೆ. ವಾಡಿ, ಸೇಡಂ, ಚಿಂಚೋಳಿ ಎಲ್ಲಿಗೆ ಹೋದ್ರೂ ಇದೇ ನೋಟ. ನೆಲದಡಿಯ ಸುಣ್ಣದಕಲ್ಲು ನಮ್ಮದು, ಸರಿ. ಅದನ್ನು ಸಿಮೆಂಟ್ ಮಾಡುವ ತಂತ್ರಜ್ಞಾನ?

ಅದು 200 ವರ್ಷಗಳಿಂದ ದೇಶ ಬದಲಿಸುತ್ತಲೇ ಇದೆ. 1817ರಲ್ಲಿ ಫ್ರಾನ್ಸಿನ ಲೂಯಿ ವಿಕಾ ಸುಣ್ಣ ಮತ್ತು ಜೇಡಿಮಣ್ಣನ್ನು ಬೆರೆಸಿ ಸುಟ್ಟು ಕೃತಕ ಸಿಮೆಂಟ್ ಮಾಡುವ ಬಗೆ ಕಂಡುಕೊಂಡರು. ಪೇಟೆಂಟ್ ಮಾತ್ರ ತಗೊಳ್ಳಲಿಲ್ಲ. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 'ಪೋರ್ಟ್‌ಲೆಂಡ್ ಸಿಮೆಂಟ್' ಹೆಸರಲ್ಲಿ ಪೇಟೆಂಟ್ ಪಡೆದರು, ಮುಂದಾಳತ್ವ ಬ್ರಿಟನ್ನಿಗೆ ಹೋಯಿತು. ರಸಾಯನಶಾಸ್ತ್ರದ ಬಲವಿದ್ದ ಜರ್ಮನಿ 1878ರಲ್ಲಿ ಗುಣಮಟ್ಟದ ನಿಯಮ ರೂಪಿಸಿ ಅದನ್ನು ಹಿಂದೆ ಹಾಕಿತು.

ಮುಂದಿನ ತಿರುವು ಇನ್ನೂ ಮಜವಾಗಿದೆ. ತಿರುಗುವ ಕೊಳವೆ ಗೂಡಿಗೆ, ಅಂದ್ರೆ ಇವತ್ತು ವಾಡಿಯಲ್ಲೂ ಇರುವ ಕಿಲ್ನ್‌ಗೆ, 1885ರಲ್ಲಿ ಪೇಟೆಂಟ್ ಪಡೆದದ್ದು ಇಂಗ್ಲೆಂಡಿನ ಫ್ರೆಡರಿಕ್ ರ‍್ಯಾನ್ಸಮ್. ಅದು ಅಲ್ಲಿ ಕೈಕೊಟ್ಟಿತು. ಅದನ್ನು ಸರಿಪಡಿಸಿ ದುಡಿಸಿದ್ದು ಅಮೆರಿಕ. ಇಂಗ್ಲೆಂಡಿನಲ್ಲಿ ಹಳೇ ಗೂಡುಗಳೇ ಲಾಭ ತರುತ್ತಿದ್ದವು, ಆಳುಗಳೂ ಅಗ್ಗ. ಅಮೆರಿಕದಲ್ಲಿ ಕೂಲಿ ದುಬಾರಿ, ಬೇಡಿಕೆ ವಿಪರೀತ. ಹಳೆಯದರಲ್ಲೇ ಕಾಸು ಹುಟ್ಟುವಾಗ ಹೊಸದಕ್ಕೆ ಯಾರು ದುಡ್ಡು ಸುರೀತಾರೆ?

ಯಂತ್ರ ಮಾರುವುದರಲ್ಲಿ ಡೆನ್ಮಾರ್ಕಿನ ಎಫ್‌ಎಲ್‌ಸ್ಮಿತ್ ಮುಂದೆ ಬಂತು. ಆ ಕಂಪನಿಯ ಎಂಜಿನಿಯರುಗಳಾಗಿ ಭಾರತಕ್ಕೆ ಬಂದ ಹೆನ್ನಿಂಗ್ ಹೋಲ್ಕ್-ಲಾರ್ಸನ್, ಸೋರೆನ್ ಟೂಬ್ರೊ ಇಬ್ಬರೇ 1938ರಲ್ಲಿ ಎಲ್ ಅಂಡ್ ಟಿ ಕಟ್ಟಿದ್ದು. 1970ರ ದಶಕದಲ್ಲಿ ಜಪಾನ್ ಪ್ರೀಕ್ಯಾಲ್ಸಿನೇಟರ್ ತಂದಿತು. ಕಿಲ್ನ್‌ಗೆ ಹೋಗೋ ಮೊದಲೇ ಕಲ್ಲಿನ ಪುಡಿಯನ್ನು ಬಹುಪಾಲು ಸುಟ್ಟುಬಿಡುವ ಈ ಉಪಾಯದಿಂದ ಒಂದೇ ಕಿಲ್ನ್‌ನ ಉತ್ಪಾದನೆ ಜಿಗಿಯಿತು. ಈಗ ಜಗತ್ತಿನ ಅರ್ಧದಷ್ಟು ಸಿಮೆಂಟ್ ಚೀನಾದ್ದು. ಆಫ್ರಿಕಾದಲ್ಲಿ ಕಾರ್ಖಾನೆ ಕಟ್ಟಿಕೊಡುವುದೂ ಚೀನೀ ಕಂಪನಿಗಳೇ. ಎಫ್‌ಎಲ್‌ಸ್ಮಿತ್ 2025ರಲ್ಲಿ ತನ್ನ ಸಿಮೆಂಟ್ ವಿಭಾಗವನ್ನೇ ಮಾರಿತು.

ನಾವೆಲ್ಲಿದ್ದೇವೆ? ಉತ್ಪಾದನೆಯಲ್ಲಿ ಭಾರತ ಎರಡನೇ ಸ್ಥಾನದಲ್ಲಿದೆ. ವರ್ಷಕ್ಕೆ 10 ಲಕ್ಷ ಟನ್ ಸಾಮರ್ಥ್ಯದ ದೇಶದ ಮೊದಲ ಪ್ಲಾಂಟ್ ಎಸಿಸಿ ಶುರು ಮಾಡಿದ್ದು ವಾಡಿಯಲ್ಲೇ, 1982ರಲ್ಲಿ. ಆದರೆ ಅದೇ ಕಂಪನಿಯ ಸಂಶೋಧನಾ ಕೇಂದ್ರ 1965ರಲ್ಲಿ ಎದ್ದದ್ದು ಠಾಣೆಯಲ್ಲಿ. ಗಣಿ ಇಲ್ಲಿ, ಲ್ಯಾಬ್ ಅಲ್ಲಿ. ಮಾಲೀಕರು ಬದಲಾದರು: 2005ರಲ್ಲಿ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಬಂತು, 2022ರಲ್ಲಿ ಅದಾನಿ. ಈ ಲೆಕ್ಕ ಬದಲಾಗಲಿಲ್ಲ. ಚಿಂಚೋಳಿ ತಾಲೂಕಿನ ಛತ್ರಸಾಲದಲ್ಲಿರುವ ಫ್ಯಾಕ್ಟರಿ ಯಾರದು ಗೊತ್ತಾ? ಪೇಟೆಂಟ್ ಬೇಡ ಅಂದಿದ್ದ ಲೂಯಿ ವಿಕಾ ಅವರ ಮಗ 1853ರಲ್ಲಿ ಶುರು ಮಾಡಿದ ಕಂಪನಿಯದೇ.

371(ಜೆ) ಹೋರಾಟದಿಂದ ನಮಗೆ ಸರ್ಕಾರಿ ನೌಕರಿಯಲ್ಲಿ, ಸೀಟಿನಲ್ಲಿ ಪಾಲು ಸಿಕ್ಕಿತು. ಅದು ಕಮ್ಮಿ ಗೆಲುವಲ್ಲ. ಫ್ಯಾಕ್ಟರಿ ವಿಷಯಕ್ಕೆ ಬಂದಾಗ ಮಾತ್ರ ನಮ್ಮ ಬೇಡಿಕೆ 'ಸ್ಥಳೀಯರಿಗೆ ಕೆಲಸ ಕೊಡಿ' ಅನ್ನುವಲ್ಲಿಗೇ ನಿಲ್ಲುತ್ತೆ, ಲ್ಯಾಬ್ ಯಾರೂ ಕೇಳಲ್ಲ. ಕೇಳುವುದಕ್ಕೆ ಇದೇ ಹೊತ್ತು, ಯಾಕಂದ್ರೆ ತಂತ್ರಜ್ಞಾನ ಮತ್ತೆ ಮಗ್ಗುಲು ಬದಲಿಸುತ್ತಿದೆ. ಸಿಮೆಂಟಿನಿಂದ ಹೊರಬರುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಇಂಧನದಿಂದಲ್ಲ, ಬಿಸಿಯಾದ ಸುಣ್ಣದಕಲ್ಲಿನಿಂದಲೇ. ಅದನ್ನು ತಗ್ಗಿಸಲು ಸುಟ್ಟ ಜೇಡಿಮಣ್ಣು ಮತ್ತು ಸುಡದ ಸುಣ್ಣದಕಲ್ಲು ಬೆರೆಸುವ ಎಲ್‌ಸಿ3 ಸಿಮೆಂಟನ್ನು ಸ್ವಿಟ್ಜರ್ಲೆಂಡ್, ಕ್ಯೂಬಾ ಹಾಗೂ ನಮ್ಮ ಐಐಟಿಗಳ ಸಂಶೋಧಕರು ಸೇರಿ ಬೆಳೆಸಿದ್ದಾರೆ. 2023ರಲ್ಲಿ ಬಿಐಎಸ್ ಮಾನದಂಡವೂ ಬಂತು. ಇದರ ಮುಂದಿನ ಪ್ರಯೋಗ ಕಲಬುರಗಿಯ ಕಾಲೇಜುಗಳಲ್ಲಿ, ವಾಡಿಯ ಕಲ್ಲಿನ ಮೇಲೇ ಯಾಕೆ ನಡೀಬಾರದು? ಮುಂದಿನ ಸಲ ಹೊಸ ಗಣಿಗೆ ಸಾರ್ವಜನಿಕ ಅಹವಾಲು ಸಭೆ ಕರೆದಾಗ ಪರಿಹಾರದ ಹಣದ ಜೊತೆ ಈ ಪ್ರಶ್ನೆಯನ್ನೂ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.