ಗುರುಮಠಕಲ್ ತಾಲ್ಲೂಕಾಯಿತು, ನಗರವಾಗುವುದು ಬೇರೆ ಲೆಕ್ಕ

‘ತಾಲ್ಲೂಕು ಆಗ್ಯಾದ, ಇನ್ನ ಊರು ಸಿಟಿ ಆಗೋದೊಂದೇ ಬಾಕಿ.’ ಗಡಿಭಾಗದ ಹೊಸ ತಾಲ್ಲೂಕುಗಳಲ್ಲೆಲ್ಲ ಬೇರೂರಿರುವ ನಂಬಿಕೆಯಿದು. ಯಾದಗಿರಿ ಜಿಲ್ಲೆಯ ಗುರುಮಠಕಲ್ ತಾಲ್ಲೂಕು 2013ರ ಬಜೆಟ್‌ನಲ್ಲಿ ಘೋಷಣೆಯಾದರೂ ಕಾರ್ಯಾರಂಭಕ್ಕೆ 2018 ಬರಬೇಕಾಯಿತು. ಅಷ್ಟು ವರ್ಷ ಕಾದವರು ದೊಡ್ಡದನ್ನೇ ನಿರೀಕ್ಷಿಸಿದ್ದು ಸಹಜ. ಆದರೂ ಆ ನಂಬಿಕೆ ತಪ್ಪು.

ತಾಲ್ಲೂಕು ರಚನೆಯಾಗುವುದು ಭೂಕಂದಾಯ ಕಾಯ್ದೆಯಡಿ. ಊರು ಪುರಸಭೆಯಾಗುವುದು ಪೌರಸಭೆಗಳ ಕಾಯ್ದೆಯಡಿ. ಎರಡೂ 1964ರವೇ, ಅಳತೆಗೋಲು ಮಾತ್ರ ಬೇರೆ. ಪುರಸಭೆಗೆ 20 ಸಾವಿರದಿಂದ 50 ಸಾವಿರ ಜನಸಂಖ್ಯೆ, ಜನಸಾಂದ್ರತೆ, ಒಕ್ಕಲುತನದಾಚೆ ದುಡಿಯುವವರ ಪ್ರಮಾಣ ನೋಡುತ್ತಾರೆ. ತಾಲ್ಲೂಕು ಕೇಂದ್ರ ಹೌದೋ ಅಲ್ಲವೋ ಎಂದು ಯಾರೂ ಕೇಳುವುದಿಲ್ಲ. ಸುರಪುರ ಭಾಗದ ಕೆಂಭಾವಿ, ಕಕ್ಕೇರಾ ತಾಲ್ಲೂಕು ಕೇಂದ್ರಗಳಲ್ಲ, ಆದರೂ ಪುರಸಭೆಗಳು. ಪುರಸಭೆಯಾದರೆ ಬರೀ ಲಾಭ ಎನ್ನುವಂತೆಯೂ ಇಲ್ಲ. ಗ್ರಾಮೀಣ ಉದ್ಯೋಗ ಖಾತರಿಯ ಕೆಲಸ ಪುರಸಭೆ ವ್ಯಾಪ್ತಿಗೆ ಸಿಗದು. ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವ ಕುಟುಂಬಗಳಿಗೆ ಇದು ಸಣ್ಣ ಮಾತಲ್ಲ.

ದೊಡ್ಡ ನಾಯಕರ ಕ್ಷೇತ್ರವಾದರೆ ಎಲ್ಲ ತಾನಾಗಿ ಬರುತ್ತದೆ ಎಂಬುದು ಇನ್ನೊಂದು ನಂಬಿಕೆ. ಮಲ್ಲಿಕಾರ್ಜುನ ಖರ್ಗೆ 1972ರಿಂದ 2004ರವರೆಗೆ ಸತತ ಎಂಟು ಬಾರಿ ಗೆದ್ದದ್ದು ಗುರುಮಠಕಲ್‌ನಿಂದಲೇ. ಆ ಇಡೀ ಅವಧಿಯಲ್ಲಿ ತಾಲ್ಲೂಕು ಕೇಂದ್ರ ಯಾದಗಿರಿಯೇ ಆಗಿತ್ತು.

ಹಾಗಾದರೆ ತಾಲ್ಲೂಕಿನಿಂದ ಬಂದದ್ದೇನು? ಕಚೇರಿ ಹತ್ತಿರ ಬಂತು. ಪಹಣಿ ತಿದ್ದುಪಡಿಗೆ, ಜಾತಿ–ಆದಾಯ ಪ್ರಮಾಣಪತ್ರಕ್ಕೆ ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಯಾದಗಿರಿಗೆ ಅಲೆಯುವುದು ತಪ್ಪಿದರೆ ಬಡವನಿಗೆ ಅದು ದೊಡ್ಡ ಉಳಿತಾಯ. ಇದನ್ನು ನಾನು ಕಡಿಮೆ ಎಂದು ಹೇಳಲಾರೆ. ಆದರೆ ಎಲ್ಲವೂ ತಹಶೀಲ್ದಾರರಲ್ಲಿ ಮುಗಿಯುವುದಿಲ್ಲ. ಸಂವಿಧಾನದ 371(ಜೆ) ವಿಧಿಯಡಿ ಈ ಭಾಗದವರಿಗಿರುವ ಮೀಸಲಾತಿಯ ಅರ್ಹತಾ ಪತ್ರಕ್ಕೆ ಸಹಿ ಹಾಕುವವರು ಉಪವಿಭಾಗಾಧಿಕಾರಿ.

ಕಾರ್ಖಾನೆಗಳಂತೂ ತಾಲ್ಲೂಕಿನ ಬೋರ್ಡು ನೋಡಿ ಬರುವುದಿಲ್ಲ. ಮೂರು ಸಾವಿರಕ್ಕೂ ಹೆಚ್ಚು ಎಕರೆಯ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶ ಇರುವುದು ಸೈದಾಪುರದ ಬಳಿ. ರೈಲ್ವೆ ಬೋಗಿ ಘಟಕ ಬಂದದ್ದೂ ಅಲ್ಲಿಗೇ. ಸೈದಾಪುರ ತಾಲ್ಲೂಕು ಕೇಂದ್ರವಲ್ಲ, ಆದರೆ ಮುಂಬೈ–ಚೆನ್ನೈ ರೈಲು ಹಳಿ ಅಲ್ಲಿ ಹಾದುಹೋಗಿದೆ. ಗುರುಮಠಕಲ್ ಪಟ್ಟಣಕ್ಕೆ ರೈಲೇ ಇಲ್ಲ.

ಇನ್ನು ಹಿಂದುಳಿದಿರುವಿಕೆಯ ಲೆಕ್ಕ ನೋಡಿ ಹಂಚುವ ಅನುದಾನ. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅಳೆದದ್ದು ಆಗಿನ 175 ತಾಲ್ಲೂಕುಗಳನ್ನು. ಅವುಗಳಲ್ಲಿ 39 ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳು. ಯಾದಗಿರಿ, ಶಹಾಪುರ, ಸುರಪುರ ಮೂರೂ ಆ ಪಟ್ಟಿಯಲ್ಲಿವೆ. ಗುರುಮಠಕಲ್‌ಗೆ ಅಲ್ಲಿ ಸ್ವಂತ ಅಂಕವಿಲ್ಲ, ಅದರ ಬವಣೆ ಯಾದಗಿರಿಯ ಸರಾಸರಿಯಲ್ಲಿ ಕರಗಿಹೋಗಿದೆ. ಪ್ರತ್ಯೇಕ ತಾಲ್ಲೂಕಾದ ಮೇಲೆ ಶಿಕ್ಷಕರೆಷ್ಟು, ಆಸ್ಪತ್ರೆಯ ಹಾಸಿಗೆಗಳೆಷ್ಟು, ನೀರಾವರಿ ಎಷ್ಟು ಎಂಬುದನ್ನು ಬೇರೆಯಾಗಿಯೇ ಎಣಿಸಬಹುದು. ಗುರುಮಠಕಲ್‌ನವರು ಈಗ ಪಟ್ಟುಹಿಡಿದು ಕೇಳಬೇಕಾದದ್ದು ಆ ಎಣಿಕೆಯನ್ನೇ.