ಸೊಪ್ಪನ್ನು ತೊಳೆಯುವ ಕ್ರಮ

ದಂಟು, ಪಾಲಕ್, ಮೆಂತ್ಯ, ಕೊತ್ತಂಬರಿ: ನಮ್ಮ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ರೈತ ಮನೆಗಳಲ್ಲಿ ಸೊಪ್ಪಿಲ್ಲದ ವಾರವಿಲ್ಲ. ಸೊಪ್ಪು ಆರೋಗ್ಯಕ್ಕೆ ಒಳ್ಳೆಯದೆಂದು ಎಲ್ಲರಿಗೂ ಗೊತ್ತು. ಆದರೆ ಈ ಗಿಡಗಳು ನೆಲಕ್ಕೆ ಹತ್ತಿರ ಬೆಳೆಯುವುದರಿಂದ ಮಣ್ಣು, ಹಸಿ ಗೊಬ್ಬರ, ಕೊಳಕು ನೀರು ಎಲೆಗೆ ಬೇಗ ಅಂಟುತ್ತವೆ.

ಇದರಿಂದ ಭೇದಿ ಮಾತ್ರವಲ್ಲ, ಇನ್ನೂ ದೊಡ್ಡ ಕೇಡು ಉಂಟಾಗಬಹುದು. ಹಂದಿಯ ಲಾಡಿಹುಳು ಹೊಟ್ಟೆಯಲ್ಲಿರುವವರು ಬಯಲಲ್ಲಿ ಮಲವಿಸರ್ಜನೆ ಮಾಡಿದರೆ ಅದರ ಮೊಟ್ಟೆಗಳು ಮಣ್ಣು ನೀರುಗಳ ಮೂಲಕ ಸೊಪ್ಪಿಗೆ ಸೇರುತ್ತವೆ. ಹಸಿಯಾಗಿ ತಿಂದಾಗ ಮರಿಹುಳುಗಳು ರಕ್ತದ ಮೂಲಕ ಮಿದುಳಿಗೆ ಹೋಗಿ ಗಂಟಾಗಿ ನಿಲ್ಲಬಹುದು. ಮಕ್ಕಳಿಗೆ ಫಿಟ್ಸ್ ಬರಲು ಇದೂ ಒಂದು ಕಾರಣ. ಹಂದಿಮಾಂಸ ಮುಟ್ಟದವರಿಗೂ ಈ ರೋಗ ಬರುತ್ತದೆ.

ಆದ್ದರಿಂದ ಹೀಗೆ ಮಾಡಿರಿ:

1. ಮೊದಲು ಕೈ ತೊಳೆಯಿರಿ. ಕಟ್ಟು ಬಿಚ್ಚಿ, ಬೇರು ಕತ್ತರಿಸಿ, ಕೊಳೆತ ಎಲೆಗಳನ್ನು ತೆಗೆಯಿರಿ.

2. ಅಗಲ ಪಾತ್ರೆಯಲ್ಲಿ ಧಾರಾಳವಾಗಿ ಶುದ್ಧ ನೀರು ತುಂಬಿ, ಸೊಪ್ಪನ್ನು ಮುಳುಗಿಸಿ ಅಲ್ಲಾಡಿಸಿರಿ. ಮಣ್ಣು ತಳಕ್ಕಿಳಿದ ಮೇಲೆ ಸೊಪ್ಪನ್ನು ಕೈಯಿಂದ ಮೇಲಕ್ಕೆತ್ತಿರಿ. ಪಾತ್ರೆಯನ್ನೇ ಬಗ್ಗಿಸಿದರೆ ಮಣ್ಣು ಮತ್ತೆ ಎಲೆಗೆ ಅಂಟುತ್ತದೆ. ತಳದಲ್ಲಿ ಮಣ್ಣು ಕಾಣದವರೆಗೆ ನೀರು ಬದಲಿಸಿರಿ.

3. ಕೊನೆಗೆ ನಲ್ಲಿಯ ಕೆಳಗೆ ಹಿಡಿದು, ಅಥವಾ ಚೆಂಬಿನಿಂದ ನೀರು ಸುರಿದು ತೊಳೆಯಿರಿ.

4. ತೊಳೆದ ನಂತರವೇ ಹೆಚ್ಚಿರಿ. ಹೆಚ್ಚಿದ ಮೇಲೆ ತೊಳೆದರೆ ವಿಟಮಿನ್ ಸಿ ನೀರಿನಲ್ಲಿ ಹೋಗುತ್ತದೆ.

ಉಪ್ಪುನೀರಿನಲ್ಲಿ ಅದ್ದಿದರೆ ಸಣ್ಣ ಹುಳುಗಳು ಬಿಡುತ್ತವೆ, ರೋಗಾಣುಗಳೆಲ್ಲ ಸಾಯುವುದಿಲ್ಲ. ಸೋಪು ಬೇಡ. ರೋಗಾಣುಗಳನ್ನೂ ಹುಳುವಿನ ಮೊಟ್ಟೆಗಳನ್ನೂ ಕೊಲ್ಲುವುದು ಚೆನ್ನಾಗಿ ಬೇಯಿಸುವುದೊಂದೇ. ಚಟ್ನಿಗೂ ಸಾರಿಗೂ ಹಸಿಯಾಗಿ ಹಾಕುವ ಕೊತ್ತಂಬರಿ, ಪುದೀನಗಳನ್ನು ಅದಕ್ಕಾಗಿಯೇ ಹೆಚ್ಚು ಎಚ್ಚರದಿಂದ ತೊಳೆಯಬೇಕು.

ಆದರೆ ತೊಳೆಯುವುದಕ್ಕೂ ಒಂದು ಮಿತಿಯಿದೆ. ಎಲೆಯ ಮೇಲಿನ ಔಷಧಿ ಸ್ವಲ್ಪ ಮಟ್ಟಿಗೆ ಹೋಗುತ್ತದೆ. ಗಿಡ ಒಳಗೆ ಹೀರಿಕೊಂಡದ್ದು ಹೋಗುವುದಿಲ್ಲ. ನೀರಾವರಿಯ ನೀರು ಕೆಟ್ಟರೂ ಹಾಗೆಯೇ. ನೊಯ್ಯಲ್ ನದಿಯ ಕಥೆ ನಮಗೆ ಗೊತ್ತಿದೆ. ಬೇಸಾಯಕ್ಕೆಂದು 1992ರಲ್ಲಿ ಮುಗಿದ ಒರತ್ತುಪಾಳಯಂ ಅಣೆಕಟ್ಟು ತಿರುಪ್ಪೂರಿನ ಬಣ್ಣದ ನೀರಿನ ತೊಟ್ಟಿಯಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಬಣ್ಣ ಹಾಕುವ ಘಟಕಗಳನ್ನು ಮುಚ್ಚಿಸುವವರೆಗೆ ಹೋಯಿತು. ಅಂತಹ ನೀರಿನಿಂದ ಬೆಳೆದದ್ದನ್ನು ಅಡುಗೆಮನೆಯಲ್ಲಿ ಎಷ್ಟು ತೊಳೆದರೇನು?

ಆದುದರಿಂದ ಶುಚಿತ್ವ ಹೊಲದಲ್ಲೇ ಆರಂಭವಾಗಲಿ. ಔಷಧಿ ಡಬ್ಬಿಯ ಮೇಲೆ ಬರೆದಷ್ಟು ದಿನ ಕಾಯದೆ ಸೊಪ್ಪು ಕೀಳಬೇಡಿರಿ. ಸಂತೆಗೆ ಹೋಗುವಾಗ ಹೊಸತಾಗಿ ಕಾಣಲೆಂದು ಕಟ್ಟುಗಳನ್ನು ಹಳ್ಳದ ನೀರಿನಲ್ಲಿ ಅದ್ದಬೇಡಿರಿ. ಬಾವಿಯ ಅಥವಾ ಬೋರಿನ ಶುದ್ಧ ನೀರನ್ನು ಚಿಮುಕಿಸಿರಿ. ಮನೆಗೆಂದು ಔಷಧಿ ಹೊಡೆಯದ ಒಂದು ಮಡಿ, ಮಾರಾಟಕ್ಕೆ ಇನ್ನೊಂದು ಮಡಿ ಎಂಬ ಭೇದ ನಮ್ಮಲ್ಲಿ ಬೇಡ. ಆ ಸೊಪ್ಪನ್ನು ತಿನ್ನುವವರೂ ಯಾರದೋ ಮನೆಯ ಮಕ್ಕಳೇ.